ಪುಣ್ಯ ಯಾರ ಖಾತೆಗೆ?

ಬೆಂಗಳೂರಿನ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ನಿವೃತ್ತನಾಗುವವರೆಗೂ ಸಂಬಳದ ಪಟ್ಟಿ ಮಾಡಿದವನು ನಾನು. ಆಸ್ಪತ್ರೆಯ ಹೆಸರು ಬೇಡ, ಅಂಥವು ಈ ಊರಿನಲ್ಲಿ ಒಂದೆರಡಲ್ಲ. ಅಲ್ಲಿ ರೋಗಿಯ ಬಿಲ್ಲು ಕಾರ್ಪೊರೇಟ್ ಆಸ್ಪತ್ರೆಗಳಿಗಿಂತ ಎಷ್ಟೋ ಕಡಿಮೆ ಇತ್ತು, ಅದನ್ನು ಅಲ್ಲಗಳೆಯಲಾರೆ. ಮಾಗಡಿ, ಕನಕಪುರದ ಕಡೆಯಿಂದ ಬಂದವರು ವಾಸಿಯಾಗಿ ಹೊರಡುವಾಗ ಟ್ರಸ್ಟಿಗಳ ಫೋಟೊಗೆ ಕೈಮುಗಿದು, ‘ಪುಣ್ಯವಂತರು’ ಎಂದು ಹೇಳಿ ಹೋಗುತ್ತಿದ್ದರು. ಆ ಪುಣ್ಯದ ಖರ್ಚಿನ ಬಾಬ್ತು ಮಾತ್ರ ತಿಂಗಳಿಗೊಮ್ಮೆ ನನ್ನ ಮೇಜಿಗೆ ಬರುತ್ತಿತ್ತು.

ನರ್ಸುಗಳಿಗೆ ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಬೆಳಗಿನ 8 ಎಂದು ಮೂರು ಪಾಳಿ. ಹೀಗೆಂದು ಕಾಗದದಲ್ಲಿತ್ತು. ಬೆಳಗಿನವಳು ಬಾರದಿದ್ದರೆ ರಾತ್ರಿಯವಳೇ ಮಧ್ಯಾಹ್ನದವರೆಗೆ ನಿಲ್ಲಬೇಕು, ರೋಗಿಯನ್ನು ಬಿಟ್ಟು ಹೋಗುವಂತಿಲ್ಲ. ಅದಕ್ಕೆ ‘ಡಬಲ್ ಡ್ಯೂಟಿ’ ಎನ್ನುತ್ತಿದ್ದೆವು. ದುಡ್ಡಿನ ಬದಲು ಸಿ-ಆಫ್ ಎಂಬ ರಜೆ ಬರೆಯುತ್ತಿದ್ದೆವು. ವಾರ್ಡಿನಲ್ಲಿ ಜನ ಸಾಕಷ್ಟಿದ್ದಾಗ ಆ ರಜೆ ತೆಗೆದುಕೊಳ್ಳಬಹುದಿತ್ತು. ಜನ ಯಾವತ್ತೂ ಸಾಕಷ್ಟಿರಲಿಲ್ಲ.

ಆಯಾಗಳ ಕಥೆ ಇನ್ನೂ ಬೇರೆ. ಬೆರಳಚ್ಚಿನ ಹಾಜರಿ ಯಂತ್ರ ಬಂದ ಮೇಲೆ ಕೆಲವರ ಬೆರಳನ್ನು ಅದು ಗುರುತಿಸುತ್ತಲೇ ಇರಲಿಲ್ಲ. ಫಿನಾಯಿಲು, ಬ್ಲೀಚಿಂಗ್ ಪುಡಿಯಲ್ಲಿ ವರ್ಷಗಟ್ಟಲೆ ಅದ್ದಿದ ಕೈಗಳಲ್ಲಿ ಗೆರೆಗಳೇ ಸವೆದುಹೋಗಿದ್ದವು. ಒಬ್ಬಾಕೆ ಹೆಬ್ಬೆರಳನ್ನು ಸೆರಗಿಗೆ ಉಜ್ಜಿ, ಬಾಯಿಂದ ಹಬೆ ಊದಿ ಮತ್ತೆ ಮತ್ತೆ ಒತ್ತುತ್ತಿದ್ದಳು. ಕೆಂಪು ದೀಪ. ‘ಸಾರ್, ನಾ ಬಂದಿವ್ನಿ ಅಂತ ಬರ್ಕೊಳ್ಳಿ’ ಎಂದು ಕಿಟಕಿಯ ಹತ್ತಿರ ಬಂದು ನಿಲ್ಲುತ್ತಿದ್ದಳು. ಆಸ್ಪತ್ರೆ ತೊಳೆದೂ ತೊಳೆದೂ ಬೆರಳು ಸವೆಸಿಕೊಂಡವಳು ಆಸ್ಪತ್ರೆಯ ದಾಖಲೆಯಲ್ಲಿ ಗೈರುಹಾಜರು!

ಮೇ 12ರ ನರ್ಸುಗಳ ದಿನಾಚರಣೆಗೆ ಟ್ರಸ್ಟಿಯೊಬ್ಬರ ಭಾಷಣ ಖಾಯಂ. ನೀವು ಮಾಡುತ್ತಿರುವುದು ನೌಕರಿಯಲ್ಲ, ಭಗವಂತನ ಸೇವೆ, ಫಲಾಪೇಕ್ಷೆ ಬಿಟ್ಟು ಮಾಡಿ ಎಂದು ಗೀತೆಯ ಆಧಾರ ಕೊಡುತ್ತಿದ್ದರು. ಕೃಷ್ಣ ಅದನ್ನು ಹೇಳಿದ್ದು ಅರ್ಜುನನಿಗೆ, ಅರ್ಜುನನೇನೂ ತಿಂಗಳ ಸಂಬಳದವನಲ್ಲ. ಅದಿರಲಿ. ನಿಷ್ಕಾಮವೆಂಬುದು ಒಬ್ಬ ತನಗೆ ತಾನೇ ಹಾಕಿಕೊಳ್ಳುವ ವ್ರತ. ಇನ್ನೊಬ್ಬರ ಸಂಬಳದಿಂದ ಕಡಿತ ಮಾಡಿ ಅವರಿಂದ ವ್ರತ ಹಿಡಿಸಲು ಬರುವುದಿಲ್ಲ.

ಈ ಜಿಜ್ಞಾಸೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು, ಅದೂ ನಮ್ಮ ಊರಿನ ಹೆಸರಿನಲ್ಲೇ. 1978ರ ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ ಆಸ್ಪತ್ರೆ, ಧರ್ಮಸಂಸ್ಥೆಗಳೂ ‘ಉದ್ಯಮ’ವೇ ಎಂಬ ಪ್ರಶ್ನೆ ಏಳು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂತು. ಉದ್ಯಮವೆನಿಸಿದರೆ ಮಾತ್ರ ಅಲ್ಲಿನ ಕೆಲಸದವರು ಆ ಕಾನೂನಿನಡಿ ತಕರಾರು ಹೂಡಬಹುದಿತ್ತು. ಮುಖ್ಯ ತೀರ್ಪು ಬರೆದ ಕೃಷ್ಣ ಅಯ್ಯರ್ ಅವರ ವಾದದ ತಿರುಳು ಇಷ್ಟು: ದಾನಬುದ್ಧಿ ಇರುವುದು ಮಾಲೀಕನಿಗೆ, ಕೆಲಸದವರು ಬಂದಿರುವುದು ಹೊಟ್ಟೆಪಾಡಿಗೆ. ಅವನ ಔದಾರ್ಯದಿಂದ ಇವರ ಹಕ್ಕು ಕರಗುವುದಿಲ್ಲ. ಆಸ್ಪತ್ರೆ ಉದ್ಯಮವಲ್ಲ ಎಂದಿದ್ದ 1970ರ ಸಫ್ದರ್‌ಜಂಗ್ ತೀರ್ಪು ಅಲ್ಲಿಗೆ ಬಿದ್ದುಹೋಯಿತು.

ನಮ್ಮ ಶರಣರಿಗೆ ಇದು ಕೋರ್ಟಿಲ್ಲದೆಯೇ ಗೊತ್ತಿತ್ತು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳದೆ, ತಂದಲ್ಲೇ ಸುರಿದು ಬಾ ಎಂದಳಂತೆ. ಆ ಅಕ್ಕಿಯಲ್ಲಿ ಇನ್ನಷ್ಟು ಜಂಗಮರಿಗೆ ಉಣಿಸಬಹುದಿತ್ತಲ್ಲ ಎಂದು ನಮ್ಮ ಟ್ರಸ್ಟಿ ಕೇಳಿಯಾರು. ಲಕ್ಕಮ್ಮನ ಲೆಕ್ಕ ಖಡಕ್ಕು: ನಮ್ಮ ದುಡಿಮೆಗೆ ಸೇರದ ಅಕ್ಕಿಯಿಂದ ದಾಸೋಹವಿಲ್ಲ. ಕಾಯಕ, ಕೈಲಾಸ ಎಂದು ಗೋಡೆಗೆ ಬರೆಸುವವರು ಮೊದಲು ಈ ಕಥೆ ಓದಬೇಕು. ಕೊಡದೆ ಉಳಿಸಿಕೊಂಡ ಓವರ್‌ಟೈಮ್ (ಓಟಿ) ದುಡ್ಡಿನಿಂದ ರೋಗಿಗೆ ರಿಯಾಯಿತಿ ಕೊಟ್ಟರೆ ಅದೂ ಅಂಥದೇ ಅಕ್ಕಿ.

ಟ್ರಸ್ಟಿಯ ಕಡೆಗೂ ಒಂದು ಮಾತಿದೆ, ಸುಲಭದ ಮಾತಲ್ಲ. ಸಂಬಳ ಏರಿಸಿದರೆ ಡಯಾಲಿಸಿಸ್ ದರ ಏರುತ್ತದೆ, ಆಗ ಬಡವನೆಲ್ಲಿ ಹೋಗಬೇಕು? ಇದಕ್ಕೆ ಉತ್ತರ ಹುಡುಕುತ್ತ ನಾನು ಬಹಳ ತಿಣುಕಿದ್ದೇನೆ. ಕೊನೆಗೆ ನನಗೆ ತೋಚಿದ್ದು ಹೀಗೆ: ಕೊರತೆ ತುಂಬುವವರು ಯಾರೋ ಅವರನ್ನೇ ದಾನಿ ಎನ್ನಿ. ಮೊಗಸಾಲೆಯ ಅಮೃತಶಿಲೆಯ ಹಲಗೆಯಲ್ಲಿ ಐದು ಲಕ್ಷ ಕೊಟ್ಟವರ ಹೆಸರಿನ ಪಕ್ಕ ಆ ಆಯಾಳ ಹೆಸರನ್ನೂ ಕೆತ್ತಿಸಿ, ಅವಳಿಗೂ ತೆರಿಗೆ ವಿನಾಯಿತಿಯ ರಸೀದಿ ಕೊಡಿ. ಅದು ಆಗದು ಎಂದಾದರೆ ಕೊರತೆಯನ್ನು ದಾನಿಗಳ ಮುಂದೆ ಬಿಚ್ಚಿಟ್ಟು ಕೇಳಿ. ಬಡವನ ಸಾಲವನ್ನು ಇನ್ನೊಬ್ಬ ಬಡವಳಿಂದ ಗುಟ್ಟಾಗಿ ವಸೂಲಿ ಮಾಡುವುದು ಯಾವ ಧರ್ಮದಲ್ಲೂ ಧರ್ಮವಲ್ಲ. ನಮ್ಮ ಲ್ಯಾಬಿನ ಟೆಕ್ನಿಷಿಯನ್, ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿಯ ಮಾತನ್ನು ತಿಂಗಳ ಕೊನೆಯಲ್ಲಿ ನಗುತ್ತಲೇ ನೆನಪಿಸುತ್ತಿದ್ದರು.

ಸಂಬಳದ ದರ ಗೊತ್ತಿಲ್ಲವೆಂಬ ನೆಪವೂ ಇಲ್ಲ. 2016ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯಂತೆ ಕೇಂದ್ರ ನೇಮಿಸಿದ ಸಮಿತಿ ಖಾಸಗಿ ಆಸ್ಪತ್ರೆಗಳ ನರ್ಸುಗಳ ಬಗ್ಗೆ ಸ್ಪಷ್ಟವಾಗಿಯೇ ಹೇಳಿತು: 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ಸರ್ಕಾರಿ ನರ್ಸಿನಷ್ಟೇ ಸಂಬಳ, 50ಕ್ಕಿಂತ ಕಡಿಮೆಯಿದ್ದರೂ 20,000 ರೂಪಾಯಿಗೆ ಕಡಿಮೆಯಿಲ್ಲ. ಆದರೆ ಅದು ಶಿಫಾರಸು. ಆಯಾಗಳ ಹೆಸರು ಅದರಲ್ಲಿಲ್ಲ.

ಈಗ ಚಕ್ರ ಹಿಂದಕ್ಕೆ ತಿರುಗಿದೆ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ, ಸಂಪೂರ್ಣವಾಗಿಯೋ ಬಹುಪಾಲೋ ದಾನಧರ್ಮದಲ್ಲಿ ತೊಡಗಿರುವವರು ನಡೆಸುವ ಸಂಸ್ಥೆಗಳನ್ನು ‘ಉದ್ಯಮ’ದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಕನಿಷ್ಠ ವೇತನದ ಕಾನೂನು ಬೇರೆ, ಅದು ಉಳಿದಿದೆ. ಆದರೆ ವಜಾ, ಪಾಳಿ, ಓಟಿಯ ತಕರಾರು ಹೂಡಲು 1978ರಲ್ಲಿ ತೆರೆದಿದ್ದ ಬಾಗಿಲು ಧರ್ಮದ ಹೆಸರಿನಲ್ಲೇ ಕಿರಿದಾಗಿದೆ.

ಹುಟ್ಟುಹಬ್ಬಕ್ಕೋ ತಂದೆಯ ತಿಥಿಗೋ ಆಸ್ಪತ್ರೆಗೆ ದೇಣಿಗೆ ಬರೆಯುವವರಲ್ಲಿ ನನ್ನದೊಂದು ಕೋರಿಕೆ. ಚೆಕ್ಕು ಕೊಡುವ ಮುನ್ನ ಕೌಂಟರಿನಲ್ಲಿ, ರಾತ್ರಿ ಪಾಳಿಯ ಆಯಾಗೆ ನೀವು ಕೊಡುವುದೆಷ್ಟು ಎಂದು ಕೇಳಿ. ಉತ್ತರ ಬರುವವರೆಗೂ ಚೆಕ್ಕು ನಿಮ್ಮ ಕೈಯಲ್ಲೇ ಇರಲಿ.