ಹಳೆಯ ಮನೆಯ ಕಿಟಕಿ ಮತ್ತು ಗೃಹಸ್ಥನ ವಿವೇಕ

ಸಂಸಾರಿಯಾದವನು ದಿನವೂ ಹತ್ತಾರು ನಿರ್ಣಯಗಳನ್ನು ಕೈಗೊಳ್ಳುತ್ತಾನೆ. ಅವುಗಳಲ್ಲಿ ಬಹುಪಾಲು ಧರ್ಮಾಧರ್ಮ ವಿಚಾರಕ್ಕೆ ಸಂಬಂಧಿಸಿದವೆಂದು ಅವನಿಗೆ ತೋರುವುದೇ ಇಲ್ಲ. ದಾನ, ವ್ರತ, ಉಪವಾಸಗಳಲ್ಲಿ ಎಚ್ಚರದಿಂದಿರುವವನೂ ಮನೆಯ ದುರಸ್ತಿಯ ಪ್ರಸಂಗ ಬಂದಾಗ ಬೆಲೆಯನ್ನೂ ಅಂದವನ್ನೂ ಮಾತ್ರ ನೋಡಿ ಮುಗಿಸಿಬಿಡುತ್ತಾನೆ. ಹಳೆಯ ಮನೆಯ ಕಿಟಕಿಗಳನ್ನು ಬದಲಿಸಬೇಕೆ, ಬದಲಿಸುವುದಾದರೆ ಯಾವುದನ್ನು ಆರಿಸಬೇಕು ಎಂಬ ಸಾಮಾನ್ಯ ಪ್ರಶ್ನೆಯೊಂದು ನನ್ನನ್ನು ಇಡೀ ಒಂದು ಬೇಸಿಗೆ ಕಾಡಿತು. ಆ ವಿಚಾರವನ್ನು ಓದುಗರ ಮುಂದಿಡುತ್ತಿದ್ದೇನೆ.

ನಮ್ಮದು ಕಾರ್ಕಳ ಸೀಮೆಯ ಹಳೆಯ ಮನೆ. ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಹಲಸಿನ ಮರದ ಏಳು ಕಿಟಕಿಗಳು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿನಲ್ಲಿ ಮರದ ಕಿಟಕಿಯು ಮಳೆಗಾಲದಲ್ಲಿ ಉಬ್ಬಿ ಬಿಗಿಯುತ್ತದೆ, ಬೇಸಿಗೆಯಲ್ಲಿ ಒಣಗಿ ಸಡಿಲವಾಗುತ್ತದೆ. ಎಂಬತ್ತು ದಾಟಿದ ನನ್ನ ತಾಯಿಯವರು ಮಲಗುವ ಪಡುವಣ ಕೋಣೆಯಲ್ಲಿ ಆಷಾಢದ ರಾತ್ರಿಗಳಲ್ಲಿ ಎರಚಲು ನೀರು ಹಾಸಿಗೆಯವರೆಗೂ ಬರುತ್ತಿತ್ತು. ಬೆಂಗಳೂರಿನಲ್ಲಿರುವ ಮಗನು, "ಅಪ್ಪ, ಏಳನ್ನೂ ತೆಗೆಸಿಬಿಡಿ. ಹಣ ನಾನು ಕಳುಹಿಸುತ್ತೇನೆ" ಎಂದನು. ನಾನು ಒಪ್ಪಲಿಲ್ಲ. ಹಿರಿಯರು ಮಾಡಿಸಿದ ಕಿಟಕಿಗಳನ್ನು ಕಿತ್ತೆಸೆಯುವುದು ಅಪಚಾರವೆಂದು ವಾದಿಸಿದೆನು.

ನನ್ನ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಕಿಟಕಿಗಾಗಿ ಮರವು ಎಂದೋ ಉರುಳಿದೆ. ಆ ಹಿಂಸೆಯು ಆಗಿಹೋದದ್ದು. ಸೇವೆಗೆ ಯೋಗ್ಯವಾಗಿರುವಾಗಲೇ ಅದನ್ನು ಎಸೆದರೆ, ಆದ ಹಾನಿಯನ್ನು ನಿರರ್ಥಕಗೊಳಿಸಿ ಹೊಸ ಹಾನಿಗೆ ಕೈಹಾಕಿದಂತಾಗುತ್ತದೆ. ಬಾಕ್ಸೈಟ್ ಅದಿರಿನಿಂದ ಪಡೆದ ಅಲ್ಯೂಮಿನಾವನ್ನು ಒಂದು ಟನ್ ಅಲ್ಯೂಮಿನಿಯಮ್ ಆಗಿಸಲು ಸುಮಾರು 14,000 ಯೂನಿಟ್ ವಿದ್ಯುತ್ ಬೇಕು. ಹಳೆಯ ಲೋಹವನ್ನು ಕರಗಿಸಿ ಮತ್ತೆ ಬಳಸಿದರೆ ಹೊಸತನ್ನು ತಯಾರಿಸುವ ಶಕ್ತಿಯ ಶೇಕಡಾ 5ರಷ್ಟು ಸಾಕು. ಇಂದು ಎಲ್ಲೆಡೆ ಕಾಣುವ ಯುಪಿವಿಸಿ ಕಿಟಕಿಯ ಮೂಲದ್ರವ್ಯದಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಉಪ್ಪಿನಿಂದ ತೆಗೆದ ಕ್ಲೋರಿನ್. ಅದು ಕೊಳೆಯುವುದಿಲ್ಲ, ಬಣ್ಣ ಬೇಡುವುದಿಲ್ಲ. ಆದರೆ ಕೆಟ್ಟ ಮೇಲೆ ಮಣ್ಣಾಗುವುದೂ ಇಲ್ಲ; ಸುಟ್ಟರೆ ಆಮ್ಲದ ಹೊಗೆಯನ್ನು ಕಾರುತ್ತದೆ. ಪ್ರಯೋಜನವಿಲ್ಲದೆ ಮಾಡುವ ಹಾನಿಯನ್ನು ನಮ್ಮ ಶ್ರಾವಕಾಚಾರವು ಅನರ್ಥದಂಡವೆಂದು ಕರೆದು ಗೃಹಸ್ಥನಿಗೆ ವರ್ಜ್ಯವೆಂದಿದೆ. ಉಪಯೋಗಕ್ಕೆ ಬರುವ ಕಿಟಕಿಯನ್ನು ಕೇವಲ ಹೊಸತನದ ಆಸೆಯಿಂದ ಕೀಳಿಸುವುದಕ್ಕೆ ಇದಕ್ಕಿಂತ ತಕ್ಕ ಹೆಸರು ಉಂಟೆ?

ಹೀಗೆ ನಾನು ನನ್ನನ್ನೇ ಮೆಚ್ಚಿಕೊಳ್ಳುತ್ತಿದ್ದಾಗ ನಮ್ಮೂರಿನ ಬಡಗಿ ಆಚಾರ್ರು ಬಂದರು. ಅವರು ಮಾತನಾಡಲಿಲ್ಲ, ಉಳಿಯ ಮೊನೆಯಿಂದ ಒಂದೊಂದು ಕಿಟಕಿಯ ಅಡಿಪಟ್ಟಿಯನ್ನೂ ಚುಚ್ಚಿ ನೋಡಿದರು. ನಾಲ್ಕು ಗಟ್ಟಿಯಾಗಿದ್ದವು. ಬಿಜಾಗರಿಗೆ ಎಣ್ಣೆ, ಗಾಜಿನ ಅಂಚಿಗೆ ಸೀಮೆಸುಣ್ಣದ ಪುಡಿ ಮತ್ತು ಅಗಸೆ ಎಣ್ಣೆ ಕಲಸಿದ ಮೆತ್ತೆ, ಇಷ್ಟು ಸಾಕೆಂದರು. ಎರಡರ ಅಡಿಭಾಗ ಮಾತ್ರ ಕೊಳೆತಿತ್ತು. ಅಷ್ಟನ್ನು ಕತ್ತರಿಸಿ ಬೇರೆ ಮರವನ್ನು ಕೂಡಿಸಬಹುದಿತ್ತು. ತಾಯಿಯ ಕೋಣೆಯ ಕಿಟಕಿಯಲ್ಲಿ ಮಾತ್ರ ಉಳಿಯು ಹಿಡಿಯವರೆಗೆ ಇಳಿಯಿತು. ಚೌಕಟ್ಟು ಗೆದ್ದಲಿಗೆ ತುತ್ತಾಗಿತ್ತು, ಕದಗಳು ಮಾತ್ರ ಉಳಿದಿದ್ದವು. ಒಡೆದ ಹಂಚಿನಿಂದ ಗೋಡೆಗೆ ನೀರು ಇಳಿಯುತ್ತಿದ್ದುದೇ ಮೂಲ. ಮೊದಲು ಹಂಚನ್ನು ಸರಿಪಡಿಸಿದೆವು. ತೇವ ಆರಿದರೆ ಗೆದ್ದಲಿಗೆ ಆಸರೆ ತಪ್ಪುತ್ತದೆ. ಕಾರಣವನ್ನು ನೀಗಿಸಿದವನಿಗೆ ವಿಷವನ್ನು ಹರಡುವ ಪ್ರಮೇಯವು ಕಡಿಮೆಯಾಗುತ್ತದೆ.

ಆ ಚೌಕಟ್ಟನ್ನೂ ಹೇಗಾದರೂ ಉಳಿಸಲಾಗದೆ ಎಂದು ನಾನು ಕೇಳಿದೆನು. ಆಚಾರ್ರು ನನ್ನನ್ನು ನೋಡಿ, "ಧನಿಗಳೆ, ಇದು ಯಾರಿಗಾಗಿ?" ಎಂದರು. ಆ ಮಾತು ನಾಟಿತು. ಪರಿಗ್ರಹವೆಂದರೆ ವಸ್ತುವಷ್ಟೇ ಅಲ್ಲ, ವಸ್ತುವಿನ ಮೇಲಣ ಮಮತೆ. ಹೊಸತರ ಮೇಲಣ ಮೋಹವು ಹೇಗೆ ಪರಿಗ್ರಹವೋ, ಹಳೆಯದನ್ನು ಉಳಿಸಿದೆನೆಂಬ ಅಭಿಮಾನವೂ ಹಾಗೆಯೇ. ನನ್ನ ವಂಶಾಭಿಮಾನಕ್ಕಾಗಿ ತಾಯಿಯವರು ಮೂರು ಮಳೆಗಾಲ ಒದ್ದೆ ಹಾಸಿಗೆಯಲ್ಲಿ ಮಲಗಿದ್ದರು. ನಾನು ಅದನ್ನು ಸಂಯಮವೆಂದು ತಿಳಿದಿದ್ದೆನು.

ತಾಯಿಯವರನ್ನು ಅಂದೇ ಮೊದಲ ಬಾರಿಗೆ ಕೇಳಿದೆನು. "ಯಾವ ಕಿಟಕಿಯಾದರೇನು ಮಗ, ನನ್ನ ಕೈಯಲ್ಲಿ ತೆರೆಯಲು ಬರಬೇಕು. ಅಂಗಳ ಕಾಣಬೇಕು" ಎಂದರು. ಎರಡು ಹಲಗೆಗಳ ಜಾರುಕಿಟಕಿಯು ಅರ್ಧ ಮಾತ್ರ ತೆರೆಯುತ್ತದೆ. ಕರಾವಳಿಯ ಸೆಖೆಯಲ್ಲಿ ಆ ಉಳಿದರ್ಧ ಗಾಳಿಯೂ ಅಮೂಲ್ಯ. ಆದುದರಿಂದ ಪೂರ್ತಿ ತೆರೆದುಕೊಳ್ಳುವ ಎರಡು ಕದಗಳ ಯುಪಿವಿಸಿ ಕಿಟಕಿಯನ್ನೇ, ಹಗುರವಾದ ಹಿಡಿಯಿರಿಸಿ, ಆ ಕೋಣೆಗೆ ಹಾಕಿಸಿದೆವು. ತೆಗೆದ ಹಲಸಿನ ಕದಗಳ ಗಟ್ಟಿಮರವು ಕೊಳೆತಿದ್ದ ಆ ಎರಡು ಕಿಟಕಿಗಳಿಗೆ ತೇಪೆಯಾಯಿತು.

ದುರಸ್ತಿಯೆಂಬ ಮಾತ್ರಕ್ಕೆ ಅದು ನಿರ್ದೋಷವೆಂದೂ ಭಾವಿಸಲಾಗದು. ಮನೆಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮವು ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಪದರಗಳಲ್ಲಿ ಸೀಸವಿರಬಹುದು. ಒಣಗಿದ್ದಂತೆಯೇ ಉಜ್ಜಿದರೆ ಆ ಧೂಳು ಕೆಲಸಗಾರನ ದೇಹಕ್ಕೂ ಮನೆಯ ಮಕ್ಕಳ ಮೆದುಳಿಗೂ ಕೇಡು. ಆದುದರಿಂದ ಬಣ್ಣವನ್ನು ನೀರಿನಲ್ಲಿ ನೆನೆಸಿಯೇ ಕೆರೆಯಿಸಿದೆವು, ಮಕ್ಕಳನ್ನು ದೂರವಿಟ್ಟೆವು, ಆಚಾರ್ರಿಗೆ ಧೂಳು ತಡೆಯುವ ಮುಖಗವಸನ್ನು ಒದಗಿಸಿದೆವು. ಮರವನ್ನು ಉಳಿಸುವ ಭರದಲ್ಲಿ ಮನುಷ್ಯನನ್ನು ಮರೆತರೆ ಅದು ಎಂತಹ ಅಹಿಂಸೆ?

ಮಗನು ಏಳನ್ನೂ ಬದಲಿಸಬೇಕೆಂದನು, ನಾನು ಒಂದನ್ನೂ ಕೂಡದೆಂದೆನು. ಇಬ್ಬರೂ ಕಿಟಕಿಗಳನ್ನು ಒಂದೊಂದಾಗಿ ನೋಡಿರಲಿಲ್ಲ. ವಿವೇಕವು ಹಳತು ಹೊಸತುಗಳ ಪಕ್ಷ ಹಿಡಿಯುವುದರಲ್ಲಿ ಇಲ್ಲ. ಯಾವುದು ಇನ್ನೂ ಸೇವೆಗೆ ಯೋಗ್ಯ, ಯಾರಿಗೆ ಅದರಿಂದ ಸುಖ, ಯಾರ ಮೇಲೆ ಅದರ ಭಾರ ಎಂದು ಪ್ರತಿಯೊಂದನ್ನೂ ಮುಟ್ಟಿ ನೋಡುವುದರಲ್ಲಿ ಅದು ಇದೆ. ಈ ಆಷಾಢದಲ್ಲಿ ತಾಯಿಯವರ ಹಾಸಿಗೆ ಒಣಗಿದ್ದಿತು. ಬೆಳಗಾದೊಡನೆ ಕದವನ್ನು ಅವರೇ ತಮ್ಮ ಕೈಯಿಂದ ತೆರೆಯುತ್ತಾರೆ.