ಯಾರ ಕೈಗೆ ಯಾವ ಫೋನು

ಕಡೂರಿನಿಂದ ತರೀಕೆರೆಗೆ ಬಸ್ಸು ಹತ್ತಿದರೆ ಒಂದೇ ಹೆದ್ದಾರಿಯಲ್ಲಿ ಎರಡು ನಾಡು ಕಾಣಿಸುತ್ತದೆ. ಕಡೂರಿನ ಸುತ್ತ ರಾಗಿ ಹೊಲ, ತೆಂಗಿನ ತೋಟ, ಮಳೆ ಕೈಕೊಟ್ಟರೆ ಕೊಳವೆಬಾವಿಯನ್ನೇ ನೆಚ್ಚಿದ ಬಯಲು. ಬೀರೂರು ದಾಟಿ ಮುಂದೆ ಸಾಗಿದಂತೆ ಅಡಿಕೆ ಸಾಲು ಶುರುವಾಗುತ್ತದೆ, ಎಡಕ್ಕೆ ಕೆಮ್ಮಣ್ಣುಗುಂಡಿಯ ಬೆಟ್ಟಗಳು ಏಳುತ್ತವೆ. ಬೀರೂರಿನಲ್ಲಿ ಇಳಿದು ಹುಬ್ಬಳ್ಳಿ ಕಡೆಯ ರೈಲು ಹಿಡಿದರೆ ಅಜ್ಜಂಪುರ. ಅಲ್ಲಿ ಎರೆ ಹೊಲ, ಈರುಳ್ಳಿ, ದನಗಳಿಗೆಂದೇ ಅರಸರ ಕಾಲದಿಂದ ಉಳಿಸಿಕೊಂಡು ಬಂದ ಹುಲ್ಲುಗಾವಲು. ಇಷ್ಟು ಹತ್ತಿರದಲ್ಲಿ ಇಷ್ಟು ಬೇರೆ ಬೇರೆ ಬದುಕಿದೆ. ಮೊಬೈಲ್ ಅಂಗಡಿಯೊಳಗೆ ಕಾಲಿಟ್ಟರೆ ಮಾತ್ರ ಮೂರೂ ಊರಿನಲ್ಲಿ ಒಂದೇ ಮಾತು ಕೇಳುತ್ತದೆ.

"ಅಣ್ಣ, ಇದಕ್ಕೂ ಅದಕ್ಕೂ ಏನು ವ್ಯತ್ಯಾಸ?"

"ಇದ್ರಲ್ಲಿ ಕ್ಯಾಮೆರಾ ಚೆನ್ನಾಗಿದೆ, ಅದ್ರಲ್ಲಿ ಪ್ರೊಸೆಸರ್ ಚೆನ್ನಾಗಿದೆ. ರೇಟು ಐನೂರು ಹೆಚ್ಚುಕಮ್ಮಿ ಅಷ್ಟೆ."

ಹೀಗೆ ಕೇಳಿ, ತೂಗಿ, ಮನೆಗೆ ಹೋಗಿ ಮತ್ತೆ ಯೋಚಿಸುವುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹದಿನೈದು ಸಾವಿರ ರೂಪಾಯಿ ಎಂದರೆ ಈ ಸೀಮೆಯಲ್ಲಿ ಎಷ್ಟೋ ವರ್ಷ ಒಂದು ಕ್ವಿಂಟಲ್ ಕೊಬ್ಬರಿಗೂ ಸಿಗದೆ ಹೋದ ಹಣ. ಅದನ್ನು ಖರ್ಚು ಮಾಡುವವನು ಹತ್ತು ಸಲ ಯೋಚಿಸಲೇಬೇಕು. ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ನಾವು ಯಾವುದನ್ನು ಯಾವುದರ ಪಕ್ಕದಲ್ಲಿಟ್ಟು ನೋಡುತ್ತಿದ್ದೇವೆ?

2003ರಲ್ಲಿ ನೋಕಿಯಾ 1100 ಬಂದಾಗ ಹೋಲಿಸುವುದಕ್ಕೆ ಹೆಚ್ಚೇನೂ ಇರಲಿಲ್ಲ. ತಲೆಯ ಮೇಲೊಂದು ಟಾರ್ಚು, ಧೂಳು ಕೂರದ ಕೀಪ್ಯಾಡು, ದಿನಗಟ್ಟಲೆ ಬರುವ ಬ್ಯಾಟರಿ. ಕರೆಂಟು ಬಂತೆಂದು ರಾತ್ರಿ ಎದ್ದು ಮೋಟಾರ್ ಹಾಕಲು ತೋಟಕ್ಕೆ ಹೋಗುವವನಿಗೆ ಆ ಟಾರ್ಚು ಎಷ್ಟು ಬೇಕಿತ್ತೆಂಬುದನ್ನು ಫೋನ್ ತಯಾರಿಸಿದವರು ತಿಳಿದಿದ್ದರು. ಹೋಲಿಕೆಯ ಕಾಲ ಶುರುವಾದದ್ದು 2014ರ ಆಸುಪಾಸಿನಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಮೋಟೊ ಜಿ 12,499 ರೂಪಾಯಿಗೆ ಆನ್‌ಲೈನಿನಲ್ಲಿ ಬಂತು. ಜುಲೈನಲ್ಲಿ ಶವೋಮಿಯ ಎಂಐ 3 ಬಂದು 13,999 ರೂಪಾಯಿಗೆ ಅದಕ್ಕಿಂತ ಎಷ್ಟೋ ಹೆಚ್ಚಿನದನ್ನು ಕೊಡುವುದಾಗಿ ಹೇಳಿತು. ನಿಗದಿತ ಗಳಿಗೆಗೆ ಮಾರಾಟ ತೆರೆದು ಕ್ಷಣದಲ್ಲಿ ಮುಗಿಯುತ್ತಿತ್ತು. 2016ರ ಸೆಪ್ಟೆಂಬರ್ 5ರಂದು ಜಿಯೊ ಶುರುವಾದ ಮೇಲೆ ಡೇಟಾ ಅಗ್ಗವಾಯಿತು, ಎರಡು ಫೋನನ್ನು ಅಕ್ಕಪಕ್ಕ ಇಟ್ಟು ತೋರಿಸುವ ವಿಡಿಯೊಗಳು ಹಳ್ಳಿಯ ಅರಳಿಕಟ್ಟೆಗೂ ಬಂದವು. ಅಲ್ಲಿಂದೀಚೆಗೆ ಫೋನಿನ ಎದುರಾಳಿ ಇನ್ನೊಂದು ಫೋನು. ಕೊಳ್ಳುವವನ ಹೊಲ, ಮನೆ, ಕೆಲಸ ಆ ಚಿತ್ರದಲ್ಲಿ ಇಲ್ಲ.

ಹೋಲಿಸಿ ಕೊಳ್ಳುವ ವಿದ್ಯೆ ಈ ಸೀಮೆಗೆ ಹೊಸದೇನಲ್ಲ. ಮೈಸೂರು ಅರಸರು ದನಗಳಿಗಾಗಿ ಕಟ್ಟಿದ ಬೆಣ್ಣೆ ಚಾವಡಿ ಎಂಬ ಇಲಾಖೆಗೆ ಟಿಪ್ಪು ಅಮೃತ್ ಮಹಲ್ ಎಂದು ಹೆಸರಿಟ್ಟ. ಆ ಹೆಸರಿನ ದನದ ತಳಿಯನ್ನು ಕಾಪಾಡುವ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ. ಅಲ್ಲಿನ ಹೋರಿಕರುಗಳ ಹರಾಜಿಗೆ ದೂರದ ಜಿಲ್ಲೆಗಳಿಂದ ರೈತರು ಬರುತ್ತಾರೆ. ಬಂದವರು ಕರುವನ್ನು ನೋಡುವ ಬಗೆಯನ್ನು ಗಮನಿಸಬೇಕು. ಸುಳಿ ನೋಡುತ್ತಾರೆ, ಹಲ್ಲು ನೋಡುತ್ತಾರೆ, ಗೊರಸು, ಎದೆ, ಬೆನ್ನು, ನಡಿಗೆ ನೋಡುತ್ತಾರೆ. ಒಂದು ಕರುವಿಗೂ ಇನ್ನೊಂದಕ್ಕೂ ತಾಳೆ ಹಾಕುತ್ತಾರೆ ನಿಜ, ಆದರೆ ಆ ತಾಳೆಯ ಹಿಂದೆ ಮೂರನೆಯದೊಂದು ಇದ್ದೇ ಇರುತ್ತದೆ. ತನ್ನದು ಎರೆ ಭೂಮಿಯೇ, ಕೆಂಪು ಮಣ್ಣೇ? ಉಳುಮೆಗೋ, ಗಾಡಿಗೋ? ಮನೆಯಲ್ಲಿರುವ ಇನ್ನೊಂದು ಎತ್ತಿಗೆ ಇದು ಜೋಡಿಯಾದೀತೇ? ಅಂತರಘಟ್ಟೆ ಜಾತ್ರೆಗೆ ಪಾನಕದ ಗಾಡಿ ಓಡಿಸುವ ಆಸೆಯಿದ್ದವನು ನೋಡುವ ಕಣ್ಣೇ ಬೇರೆ, ಎರಡು ಎಕರೆ ಉಳಬೇಕಾದವನ ಕಣ್ಣೇ ಬೇರೆ. ಅತಿ ದುಬಾರಿಯ ಜೋಡಿ ತನ್ನ ಕೊಟ್ಟಿಗೆಗೆ ಒಳ್ಳೆಯದಲ್ಲ ಎಂದು ಬಿಟ್ಟು ಬರುವವನಿಗೆ ಸೋತೆ ಎಂಬ ಭಾವ ಇರುವುದಿಲ್ಲ.

ದನದ ವ್ಯಾಪಾರದಲ್ಲಿ ಮೋಸ ಇರಲಿಲ್ಲ ಎಂದು ಹೇಳಲಾರೆ. ಕೊಂಬು ಹೆರೆದು, ಎಣ್ಣೆ ಹಚ್ಚಿ, ವಯಸ್ಸು ಮರೆಸಿ ನಿಲ್ಲಿಸುವುದಿತ್ತು. ಅದಕ್ಕೇ ಗಾಡಿ ಕಟ್ಟಿ ನಾಲ್ಕು ಹೆಜ್ಜೆ ನಡೆಸಿ ನೋಡದೆ ದುಡ್ಡು ಬಿಚ್ಚುತ್ತಿರಲಿಲ್ಲ. ಫೋನಿನ ಅಂಕಿಗಳಿಗೂ ಎಣ್ಣೆ ಹಚ್ಚುವವರಿದ್ದಾರೆ. 2018ರಲ್ಲಿ ಫೋನುಗಳ ವೇಗ ಅಳೆಯುವ ತ್ರೀಡಿ ಮಾರ್ಕ್ ಎಂಬ ತಂತ್ರಾಂಶದವರು ಹುವಾವೇ ಮತ್ತು ಒಪ್ಪೊದ ಕೆಲವು ಫೋನುಗಳನ್ನು ತಮ್ಮ ಪಟ್ಟಿಯಿಂದಲೇ ತೆಗೆದುಹಾಕಿದರು. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿದಾಗ ಮಾತ್ರ ಆ ಫೋನುಗಳು ಮೈಮೇಲೆ ಬಂದಂತೆ ಓಡುತ್ತಿದ್ದವು, ಉಳಿದ ಹೊತ್ತು ಆ ವೇಗ ಇರುತ್ತಿರಲಿಲ್ಲ. ಕ್ಯಾಮೆರಾದ ಲೆಕ್ಕವೂ ಅಷ್ಟು ಸರಳವಲ್ಲ. 108 ಮೆಗಾಪಿಕ್ಸೆಲ್ ಎಂದು ಬರೆದಿರುವ ಎಷ್ಟೋ ಫೋನುಗಳು ಒಂಬತ್ತು ಚುಕ್ಕಿಗಳನ್ನು ಕೂಡಿಸಿ ಒಂದು ಮಾಡಿ, ಸಾಮಾನ್ಯವಾಗಿ ನಮಗೆ ಕೊಡುವುದು 12 ಮೆಗಾಪಿಕ್ಸೆಲ್ ಚಿತ್ರವನ್ನೇ. ಮಂದ ಬೆಳಕಿನಲ್ಲಿ ಚಿತ್ರ ಚೆನ್ನಾಗಿ ಬರಲೆಂದು ಹಾಗೆ ಮಾಡುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ 50ಕ್ಕಿಂತ 108 ದೊಡ್ಡದು ಎಂಬ ಒಂದೇ ಕಾರಣಕ್ಕೆ ಎರಡು ಸಾವಿರ ಹೆಚ್ಚು ಕೊಟ್ಟವರಿಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ.

ಎತ್ತು ಕೊಳ್ಳುವವನ ಅದೇ ಕಣ್ಣಿನಿಂದ ಈ ಮೂರು ಊರಿಗೆ ಫೋನು ಆರಿಸಿ ನೋಡೋಣ. ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿಯ ಕಡೆ ಏರುವ ದಾರಿಯಲ್ಲಿ ಮನೆಯಿರುವವರಿಗೆ, ಭದ್ರಾ ಕಾಡಿನ ಅಂಚಿನಲ್ಲಿರುವವರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಸಿಗ್ನಲ್ ಹಿಡಿಯುವ ಶಕ್ತಿ. ಗುಡ್ಡ ಅಡ್ಡ ಬಂದಲ್ಲಿ ಕಡಿಮೆ ಆವರ್ತನದ ಅಲೆಗಳು ದೂರ ಹೋಗುತ್ತವೆ. ಆ ಬ್ಯಾಂಡುಗಳು ಫೋನಿನಲ್ಲಿವೆಯೇ, ನಮ್ಮೂರಲ್ಲಿ ಟವರ್ ಇರುವ ಕಂಪನಿ ಯಾವುದು, ವೈಫೈ ಮೂಲಕ ಕರೆ ಮಾಡಲು ಬರುತ್ತದೆಯೇ ಎಂದು ಕೇಳಬೇಕು. ಅಲ್ಲಿ 5ಜಿ ಎಂಬ ಮುದ್ರೆ ಇನ್ನೂ ಎಷ್ಟೋ ಮನೆಗಳಿಗೆ ಡಬ್ಬದ ಮೇಲಿನ ಅಕ್ಷರ ಮಾತ್ರ. ಅಜ್ಜಂಪುರದ ಹೊಲದಲ್ಲಿ ನಿಂತು ಯಶವಂತಪುರ ಮಾರುಕಟ್ಟೆಯ ಈರುಳ್ಳಿ ಬೆಲೆ ವಿಚಾರಿಸುವವನಿಗೆ, ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ತನ್ನ ಹೊಲದ ಚಿತ್ರ ಹಾಕಬೇಕಾದವನಿಗೆ ಬಿಸಿಲಲ್ಲೂ ಕಾಣುವ ಪರದೆ, ಸರಿಯಾದ ಜಿಪಿಎಸ್, ಗಾಳಿಯಲ್ಲೂ ಕೇಳುವ ಸ್ಪೀಕರ್ ಬೇಕು. ಕಡೂರಿನ ತೋಟದವನಿಗೆ ಬ್ಯಾಟರಿ. ಕರೆ ಮಾಡಿದರೆ ಮೋಟಾರ್ ಶುರುವಾಗುವ ಸ್ಟಾರ್ಟರ್ ಹಾಕಿಸಿಕೊಂಡವನ ಫೋನು ಸಂಜೆಗೇ ಸತ್ತರೆ ಏನು ಮಾಡುವುದು? ಈ ಯಾವ ಪ್ರಶ್ನೆಗೂ "ಇದು ಚೆನ್ನಾಗಿದೆ, ಅದು ಚೆನ್ನಾಗಿದೆ" ಎಂಬ ಉತ್ತರ ಸಾಲದು.

ಇಲ್ಲಿಯವರೆಗೂ ಹೇಳಿದ್ದು ಬುದ್ಧಿಯ ಮಾತು. ಇನ್ನು ಹೇಳಬೇಕಾದದ್ದು ಮನೆಯೊಳಗಿನ ಮಾತು, ಅದು ನನಗೆ ಇದಕ್ಕಿಂತ ಮುಖ್ಯ.

ಹೊಸ ಫೋನು ಬಂದ ದಿನ ಹಳೆಯದು ಎಲ್ಲಿಗೆ ಹೋಗುತ್ತದೆ ಎಂದು ನೋಡಿ. ಮಗನಿಗೆ ಹೊಸದು ಬಂದರೆ ಅವನದು ಅಪ್ಪನಿಗೆ, ಅಪ್ಪನದು ಅಮ್ಮನಿಗೆ. ಒಡೆದ ಗಾಜು, ಉಬ್ಬಿದ ಬ್ಯಾಟರಿ, ಅರ್ಧ ದಿನಕ್ಕೇ ಮುಗಿಯುವ ಚಾರ್ಜು, ಒಂದು ಫೋಟೊ ತೆಗೆದರೆ ಜಾಗವಿಲ್ಲ ಎನ್ನುವ ಮೆಮೊರಿ. ಮನೆಯಲ್ಲಿ ಯಾರ ಕಣ್ಣು ಎಲ್ಲರಿಗಿಂತ ಮಂಜಾಗಿದೆಯೋ ಅವರ ಕೈಗೆ ಎಲ್ಲಕ್ಕಿಂತ ಮಬ್ಬು ಪರದೆ ಬಂದು ಸೇರುತ್ತದೆ. "ನಿನಗೆ ಇದು ಸಾಕು ಬಿಡಮ್ಮ, ನೀನೇನು ಮಾಡ್ತೀಯ ಫೋನಲ್ಲಿ?" ಎನ್ನುತ್ತಾನೆ ಮಗ. ಅವನು ಕೆಟ್ಟವನಲ್ಲ. ಅಮ್ಮನೂ ಹೌದೆನ್ನುತ್ತಾಳೆ, ಹಾಗೆ ಹೌದೆನ್ನುವುದು ಅವಳಿಗೆ ಹೊಸದಲ್ಲ. ಎರಡು ವಾರ ಕೂತು ಎರಡು ಫೋನಿನ ನಡುವಿನ ಕೂದಲೆಳೆಯ ವ್ಯತ್ಯಾಸವನ್ನು ಕಂಡುಹಿಡಿದವನಿಗೆ ತನ್ನ ಕೈಯಲ್ಲಿರುವುದಕ್ಕೂ ಅಮ್ಮನ ಕೈಯಲ್ಲಿರುವುದಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಅವಳು ಫೋನಿನಲ್ಲಿ ಏನು ಮಾಡುತ್ತಾಳೆ? ಗೃಹಲಕ್ಷ್ಮಿಯ ಎರಡು ಸಾವಿರ ಜಮೆಯಾದ ಸಂದೇಶ ಅವಳ ನಂಬರಿಗೆ ಬರುತ್ತದೆ. ಸಂಘದ ಕಂತಿನ ಲೆಕ್ಕ, ಡೇರಿಯ ಹಾಲಿನ ದುಡ್ಡು, ಬ್ಯಾಂಕಿನ ಒಟಿಪಿ, ಮೊಮ್ಮಕ್ಕಳ ಮುಖ. ಅಂಗನವಾಡಿ ಕಾರ್ಯಕರ್ತೆಯಾದರೆ ಪೋಷಣ್ ಟ್ರ್ಯಾಕರ್‌ನಲ್ಲಿ ಪ್ರತಿ ಮಗುವಿನ ಎತ್ತರ, ತೂಕ ತುಂಬಬೇಕು. ಗೇಮ್ ಆಡುವವನ ಫೋನು ಒಂದು ಕ್ಷಣ ತಡೆದರೆ ಆಟ ಹೋಗುತ್ತದೆ, ಇವಳದು ತಡೆದರೆ ಒಟಿಪಿಯ ಹೊತ್ತು ಮೀರಿ ಕೆಲಸ ಕೆಡುತ್ತದೆ. ಸುರಕ್ಷತೆಯ ಅಪ್‌ಡೇಟ್ ನಿಂತುಹೋದ ಹಳೆಯ ಫೋನಿನಲ್ಲಿ ಅವಳ ಇಡೀ ಉಳಿತಾಯದ ಖಾತೆ ತೆರೆದುಕೊಂಡಿರುತ್ತದೆ. ಮನೆಯಲ್ಲಿ ಮೋಸದ ಕರೆಗೆ ಸುಲಭವಾಗಿ ಸಿಕ್ಕಿಬೀಳುವವರು ಯಾರೋ ಅವರಿಗೇ ರಕ್ಷಣೆ ಕಡಿಮೆಯಿರುವ ಫೋನು ಕೊಡುವುದು ನ್ಯಾಯವೇ?

2020ರಲ್ಲಿ ಶಾಲೆಗಳು ಮುಚ್ಚಿದಾಗ ಈ ಕ್ರಮ ಬಯಲಾಯಿತು. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇದ್ದಲ್ಲಿ ಪಾಠ ಅಣ್ಣನಿಗೋ ತಂಗಿಗೋ ಎಂದು ತೀರ್ಮಾನಿಸಬೇಕಾಯಿತು. ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದರು. ಫೋನಿಲ್ಲದ ಮಕ್ಕಳು ಹಿಂದೆ ಬೀಳಬಾರದೆಂದು ಸರ್ಕಾರ ಆಗಸ್ಟ್‌ನಲ್ಲಿ ವಿದ್ಯಾಗಮ ಶುರುಮಾಡಿತು. ಮೇಷ್ಟ್ರುಗಳು ದೇವಸ್ಥಾನದ ಜಗಲಿಯಲ್ಲಿ, ಮರದಡಿಯಲ್ಲಿ ಪಾಠ ಮಾಡಿದರು. ಆ ಒಂದು ವರ್ಷ, ಫೋನು ಯಾರಿಗೆ ಎಷ್ಟು ಬೇಕು ಎಂದು ಮನೆಮಂದಿ ಕೂತು ಮಾತಾಡಿದ್ದುಂಟು. ಶಾಲೆ ತೆರೆದ ಮೇಲೆ ಆ ಮಾತು ನಿಂತಿತು.

ಕೊಂಡ ಮೇಲೂ ನಿಲ್ಲದ ಹೋಲಿಕೆ ಇನ್ನೊಂದು ಸಂಕಟ. ಎತ್ತು ಕೊಂಡವನು ಮನೆ ಬಾಗಿಲಲ್ಲಿ ಅದರ ಕಾಲಿಗೆ ನೀರು ಹಾಕಿ, ಆರತಿ ಎತ್ತಿ ಒಳಗೆ ಕಟ್ಟಿದ ಮೇಲೆ ಪಕ್ಕದವನ ಎತ್ತಿನ ಸುದ್ದಿ ಮುಗಿಯಿತು. ಇನ್ನು ಆರೈಕೆಯ ಮಾತು. ಫೋನು ಕೊಂಡವನು ಅದೇ ರಾತ್ರಿ ಮತ್ತೆ ವಿಡಿಯೊ ನೋಡುತ್ತಾನೆ. ತಿಂಗಳೊಳಗೆ ಎದುರಾಳಿ ಕಂಪನಿಯ ಹೊಸದು ಬರುತ್ತದೆ, ಕಂತು ಇನ್ನೂ ಬಾಕಿಯಿರುವಾಗಲೇ ಕೈಯಲ್ಲಿರುವುದು ಹಳತಾದಂತೆ ಅನಿಸುತ್ತದೆ. ಇಡೀ ಮಾರುಕಟ್ಟೆ ನಿಂತಿರುವುದೇ ಈ ಅತೃಪ್ತಿಯ ಮೇಲೆ. ಇದಕ್ಕೆ ಮದ್ದು, ಹೋಲಿಸಲೇಬೇಕಾದ ಬೇರೆ ಅಂಕಿಗಳನ್ನು ಹಿಡಿಯುವುದು ಎಂದು ನನಗೆ ತೋರುತ್ತದೆ. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಒಂದು ನಿಯಮವಿದೆ: 800 ಸಲ ಚಾರ್ಜ್ ಮಾಡಿದ ಮೇಲೂ ಬ್ಯಾಟರಿಯಲ್ಲಿ ಶೇಕಡಾ 80ರಷ್ಟು ಶಕ್ತಿ ಉಳಿದಿರಬೇಕು, ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಬಿಡಿಭಾಗ ಸಿಗಬೇಕು, ಕನಿಷ್ಠ ಐದು ವರ್ಷ ಅಪ್‌ಡೇಟ್ ಬರಬೇಕು. ನಮ್ಮಲ್ಲೂ ರಿಪೇರಿಯ ಹಕ್ಕಿಗಾಗಿ ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ಒಂದು ಜಾಲತಾಣ ತೆರೆದಿದೆ. ಎಷ್ಟು ವರ್ಷ ಅಪ್‌ಡೇಟ್, ಬ್ಯಾಟರಿ ಬದಲಾಯಿಸಲು ಎಷ್ಟು ಖರ್ಚು, ಡಿಸ್‌ಪ್ಲೇ ಒಡೆದರೆ ಕಡೂರಿನಲ್ಲೇ ಆಗುತ್ತದೋ, ಸರ್ವಿಸ್ ಸೆಂಟರ್ ಹುಡುಕಿಕೊಂಡು ಶಿವಮೊಗ್ಗಕ್ಕೆ ಹೋಗಬೇಕೋ? ಇವನ್ನು ಕೇಳಿ ಕೊಂಡವನು ಮುಂದಿನ ತಿಂಗಳ ಜಾಹೀರಾತಿಗೆ ಅಷ್ಟು ಬೇಗ ಅಲುಗುವುದಿಲ್ಲ.

ಮುಂದಿನ ಸಲ ಅಂಗಡಿಗೆ ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ, ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಫೋನನ್ನು ಅವಳ ಕೈಗೆ ಕೊಡಿ. ಅಕ್ಷರವನ್ನು ದೊಡ್ಡದು ಮಾಡಿ ಓದಲು ಹೇಳಿ. ಇಡೀ ಫೋನನ್ನು ಕನ್ನಡಕ್ಕೆ ಹಾಕಿಸಿ. ಕನ್ನಡ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದ ಕಾಲ 2012ರ ಜೆಲ್ಲಿಬೀನ್ ಆಂಡ್ರಾಯ್ಡ್‌ನಿಂದೀಚೆಗೆ ಹಿಂದೆ ಸರಿದಿದೆ, ಆ ಅನುಕೂಲ ಅವಳಿಗೆ ಸಿಗಲಿ. ರಸ್ತೆಯ ಸದ್ದಿನ ನಡುವೆ ಒಂದು ಕರೆ ಮಾಡಿ ಕೇಳಿಸುತ್ತದೆಯೇ ನೋಡಿ. ಆಮೇಲೆ ಬೆರಳಚ್ಚು. ವರ್ಷಗಟ್ಟಲೆ ಅಡಿಕೆ ಸುಲಿದ, ಕಳೆ ಕಿತ್ತ ಕೈಗಳಲ್ಲಿ ಹೆಬ್ಬೆರಳಿನ ಗೆರೆ ಸವೆದಿರುತ್ತದೆ. ನ್ಯಾಯಬೆಲೆ ಅಂಗಡಿಯ ಯಂತ್ರ ಅವಳನ್ನು ಗುರುತಿಸದೆ ನಿಲ್ಲಿಸಿದ್ದು ಅವಳಿಗೆ ನೆನಪಿರುತ್ತದೆ. ಈ ಫೋನು ಆ ಹೆಬ್ಬೆರಳನ್ನು ಗುರುತಿಸುತ್ತದೆಯೇ, ಇಲ್ಲವಾದರೆ ಅವಳಿಗೆ ಸುಲಭವಾದ ಬೇರೆ ಯಾವ ದಾರಿಯಿದೆ ಎಂದು ಅಂಗಡಿಯವನನ್ನು ಕೇಳಿ. ಅವನು ತೋರಿಸುವವರೆಗೆ ಅಲ್ಲಿಂದ ಏಳಬೇಡಿ.