ಅಣ್ಣನ ಮಗ್ಗ

ವೀರಶೈವ ಧರ್ಮವು ಪಂಚಸೂತಕಗಳನ್ನು ಒಪ್ಪುವುದಿಲ್ಲ. ಲಿಂಗಧಾರಿಗಳ ಮನೆಯಲ್ಲಿ ಒಬ್ಬರು ಲಿಂಗೈಕ್ಯರಾದರೆ ಆ ಮನೆಗೆ ಮರಣಸೂತಕವಿಲ್ಲ, ಲಿಂಗಪೂಜೆ ನಿಲ್ಲುವುದಿಲ್ಲ, ಪಿಂಡ ತರ್ಪಣಗಳಿಲ್ಲ. ಶರೀರವನ್ನು ಕುಳ್ಳಿರಿಸಿ, ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು, ವಿಭೂತಿ ಪತ್ರೆಗಳೊಡನೆ ಸಮಾಧಿ ಮಾಡುವರು. ಇದನ್ನು ಭಕ್ತರೆಲ್ಲರೂ ಬಲ್ಲರು. ಆದರೆ ಸೂತಕವಿಲ್ಲವೆಂದ ಮಾತ್ರಕ್ಕೆ ಶೋಕವೂ ಇರಕೂಡದೆ? ಅಣ್ಣನನ್ನು ಕಳೆದುಕೊಂಡು ಅಳುವ ತಮ್ಮನಿಗೆ, ಲಿಂಗದಲ್ಲಿ ಬೆರೆತವನಿಗಾಗಿ ಅಳುವುದು ಭಕ್ತಿಗೆ ಕುಂದೆಂದು ಹಿರಿಯರು ಹೇಳುವುದುಂಟು. ಸಮಾಧಾನಕ್ಕೆಂದು ಆಡಿದ ಆ ಮಾತು ಎಷ್ಟೋ ವೇಳೆ ಗಾಯದ ಮೇಲಣ ಬರೆಯಾಗುತ್ತದೆ.

ಮೇದಾರ ಕೇತಯ್ಯನು ಬಿದಿರು ಕಡಿಯುವಾಗ ಅದು ಎದೆಗೆ ನೆಟ್ಟು ಪ್ರಾಣಬಿಟ್ಟನೆಂದೂ, ಆ ಸುದ್ದಿಯನ್ನು ತಾಳಲಾರದೆ ಬಸವಣ್ಣನವರೂ ಪ್ರಾಣತೊರೆದರೆಂದೂ, ಮಡಿವಾಳ ಮಾಚಯ್ಯನು ಇಬ್ಬರನ್ನೂ ಮರಳಿ ಎಬ್ಬಿಸಿದನೆಂದೂ ಶರಣರ ಕಥೆಗಳು ಹೇಳುತ್ತವೆ. ಕೇತಯ್ಯನು ಒಡಹುಟ್ಟಿದವನಲ್ಲ, ಬುಟ್ಟಿ ಹೆಣೆದು ದಾಸೋಹ ನಡೆಸಿದ ಕಾಯಕಜೀವಿ. ಅವನಿಗಾಗಿ ಅಷ್ಟು ನೊಂದುದು ಬಸವಣ್ಣನವರ ಭಕ್ತಿಗೆ ಕುಂದೆಂದು ಇದುವರೆಗೆ ಯಾರೂ ಹೇಳಿದ್ದಿಲ್ಲ.

ಆದುದರಿಂದ ಅಳುವುದೋ ಬಿಡುವುದೋ ಎಂಬುದಲ್ಲ ಪ್ರಶ್ನೆ. ಹೇಗೆ ನೆನೆಯಬೇಕೆಂಬುದೇ ಕಠಿಣವಾದದ್ದು.

ಇಳಕಲ್ಲಿನ ಒಂದು ನೇಕಾರ ಮನೆಯನ್ನು ಎಣಿಸಿಕೊಳ್ಳಬಹುದು. ತಂದೆ ಅಕಾಲದಲ್ಲಿ ತೀರಿಕೊಂಡಾಗ ಹಿರಿಯ ಮಗನು ಶಾಲೆ ಬಿಟ್ಟು ಕುಣಿಮಗ್ಗಕ್ಕೆ ಇಳಿದನು. ಅವನು ದುಡಿದದ್ದರಿಂದ ಕಿರಿಯನು ಓದಿ ಪರಸ್ಥಳದಲ್ಲಿ ಅಧ್ಯಾಪಕನಾದನು. ನಸುಕಿನಲ್ಲಿ ಪೂಜೆ ಮುಗಿಸಿ ಮಗ್ಗಕ್ಕೆ ಕುಳಿತರೆ ಅಣ್ಣನು ಏಳುತ್ತಿದ್ದುದು ಪ್ರಸಾದಕ್ಕೆ ಮಾತ್ರ. ನೇಯ್ಗೆಯಲ್ಲಿ ತಪ್ಪು ಕಂಡರೆ ಮರೆಸಿ ಮುಂದೆ ಸಾಗುವವನಲ್ಲ. ಗೇಣುದ್ದವಾದರೂ ಬಿಚ್ಚಿ ಮತ್ತೆ ನೇಯುವನು. ಆ ದಿನದ ಕೂಲಿ ಹೋದರೂ ಸರಿಯೆ. ಇನ್ನು ಸಿಟ್ಟೋ, ಕೇಳಲೇಬಾರದು. ತಮ್ಮನು ಪಾಠ ತಪ್ಪಿಸಿದ ದಿನ ಕೈಯಲ್ಲಿದ್ದ ಲಾಳಿಯನ್ನೇ ಬೀಸಿ ಎಸೆದದ್ದುಂಟು. ಅದೇ ರಾತ್ರಿ ತನ್ನ ಪಾಲಿನ ರೊಟ್ಟಿಯನ್ನು ಮುರಿದು ಅವನ ಗಂಗಾಳಕ್ಕೆ ಹಾಕಿದ್ದೂ ಉಂಟು. ಅಂತಹವನು ಅರ್ಧ ನೆಯ್ದ ಸೀರೆಯನ್ನು ಮಗ್ಗದಲ್ಲಿಯೇ ಬಿಟ್ಟು ಲಿಂಗೈಕ್ಯನಾದನು.

ಕಾಯಕದ ಫಲವನ್ನು ದಾಸೋಹವೆಂದು ಕೊಟ್ಟಮೇಲೆ ಋಣವೆಲ್ಲಿಯದು, ಅಣ್ಣನೇ ಎಣಿಸದುದನ್ನು ತಮ್ಮನು ಏಕೆ ಎಣಿಸಬೇಕು, ಎಂದು ಕೇಳುವವರಿದ್ದಾರೆ. ಕೇಳುವುದಕ್ಕೆ ಇದು ಉದಾತ್ತವಾಗಿದೆ. ಪಡೆದವನಿಗೆ ಅನುಕೂಲವಾಗಿಯೂ ಇದೆ. ಮುದನೂರಿನ ಜೇಡರ ದಾಸಿಮಯ್ಯನು ನೆಯ್ದ ವಸ್ತ್ರವನ್ನು ಜಂಗಮವೇಷದ ಶಿವನು ಬೇಡಿ ಪಡೆದು, ಅವನ ಕಣ್ಣೆದುರಿಗೇ ಹರಿದು ಚೂರುಮಾಡಿದನೆಂಬ ಕಥೆ ಎಲ್ಲರಿಗೂ ಗೊತ್ತು. ದಾಸಿಮಯ್ಯನು ಮುನಿಯಲಿಲ್ಲ. ಕೊಟ್ಟವನು ಕೊಟ್ಟುದನ್ನು ಮರೆಯಬೇಕೆಂಬುದು ಆ ಕಥೆಯ ತಿರುಳು. ಪಡೆದವನೂ ಮರೆಯಲೆಂದು ಅದು ಎಲ್ಲಿಯೂ ಹೇಳುವುದಿಲ್ಲ. ದಾಸಿಮಯ್ಯನ ತರುವಾಯ, 12ನೆಯ ಶತಮಾನದಲ್ಲಿ, ಬಸವಣ್ಣನವರು ಆ ವಸ್ತ್ರದಾನವನ್ನು ತಮ್ಮ ವಚನಗಳಲ್ಲಿ ನೆನೆದರು. ಕೊಟ್ಟವನು ಲೆಕ್ಕವಿಡಲಿಲ್ಲ, ಬಳಿಕ ಬಂದವರು ಇಟ್ಟರು.

ನೆನಪೆಂದೊಡನೆ ಅಮೃತಶಿಲೆಯ ಗದ್ದುಗೆ, ಮನೆಯ ಗೋಡೆಗೆ ಹಾರ ಹಾಕಿದ ಭಾವಚಿತ್ರ, ಸಭೆಯಲ್ಲಿ ಹೊಗಳಿಕೆಯ ಮಾತು. ಇವು ತಪ್ಪೆಂದಲ್ಲ. ಹೊಗಳುವಾಗ ಅಣ್ಣನ ಸಿಟ್ಟನ್ನು ಮರೆಮಾಡಿ ಅವನನ್ನು ಶಾಂತಮೂರ್ತಿಯನ್ನಾಗಿ ಮಾಡಿದರೆ ಮಾತ್ರ, ಬಟ್ಟೆಯಲ್ಲಿ ಅವನು ಎಂದೂ ಮಾಡದ ಮೋಸವನ್ನು ಅವನ ಹೆಸರಿನಲ್ಲಿ ಮಾಡಿದಂತಾಗುತ್ತದೆ. ಲಾಳಿ ಎಸೆದ ಕೈಯೂ ರೊಟ್ಟಿ ಮುರಿದ ಕೈಯೂ ಒಂದೇ. ಎರಡನ್ನೂ ನೆನೆದರೆ ಅವನು ಅಣ್ಣ. ಒಂದನ್ನೇ ನೆನೆದರೆ ಯಾರೋ ಪರಕೀಯನು.

ಮಗ್ಗದ ಮೇಲಿನ ಸೀರೆಗೆ ಅಣ್ಣನು ಮುಂಗಡ ಪಡೆದಿದ್ದನು. ಅದು ಮುಗಿಯಬೇಕು. ತಮ್ಮನಿಗೆ ನೇಯಲು ಬಾರದು. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸಬೇಕು. ಪುಸ್ತಕ ಹಿಡಿದ ಕೈಗೆ ಒಗ್ಗುವ ಕೆಲಸವಲ್ಲ ಅದು. ನೆರೆಮನೆಯ ನೇಕಾರನು ಬಂದು ಕುಣಿಯಲ್ಲಿ ಕಾಲಿಳಿಸಿ ಕುಳಿತುಕೊಳ್ಳಬಹುದು. ಕಂಡಿಕೆ ಸುತ್ತುವುದು ಮಾತ್ರ ತಮ್ಮನಿಗೆ ಹುಡುಗತನದಿಂದಲೂ ಗೊತ್ತು. ರಜೆ ಮುಗಿಯುವವರೆಗೆ ಅವನು ರಾಟೆಯ ಬಳಿ ಕುಳಿತು ಅದನ್ನೇ ಸುತ್ತಲಿ. ಆಗ ಕಣ್ಣೀರು ಬಂದರೆ ಬರಲಿ. ನೂಲು ತೊಯ್ಯದಂತೆ ನೋಡಿಕೊಂಡರೆ ಸಾಕು.